ಉದಗೀರದ ಕೋಟೆಯೊಳಗೆ ಕೇಳಿದ ಕುರುಬನ ಕೂಗು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ. ಪ್ರತಿ ಸಲವೂ ಏನಾದರೊಂದು ಕೆಲಸ ನೆನಪು ಮಾಡಿಕೊಂಡು ಎದ್ದುಹೋಗಿದ್ದೇನೆ. ಈಗ ಅಂಥ ಕೆಲಸವೂ ಉಳಿದಿಲ್ಲ. ದೆವ್ವ, ಮಾಟ, ಆಕಾಶವಾಣಿ ಇವನ್ನೆಲ್ಲ ನಾನು ನಂಬಿದವನಲ್ಲ. ನಿಜಾಮರ ಕಾಲದಲ್ಲಿ ಬೀದರಿನ ಹೈಸ್ಕೂಲಿನಲ್ಲಿ ಉರ್ದುವಿನಲ್ಲಿ ಓದಿ ಬಂದಿದ್ದೆ. ಊರಿನವರು ಇಂಥ ಮಾತು ಆಡಿದರೆ ನಗುತ್ತಿದ್ದೆ. ಆ ನಗು ಒಂದು ಸೋಮವಾರ ಮಧ್ಯಾಹ್ನ ನಿಂತುಹೋಯಿತು.

ಅದಕ್ಕೂ ಮೊದಲಿನದೊಂದು ಸಂಗತಿ ಹೇಳಬೇಕು. ನಮ್ಮದು ದೇವಣಿ ಹತ್ತಿರದ ಹಳ್ಳಿ, ಹೊಲಮನೆ ಉಳ್ಳ ಲಿಂಗವಂತರ ಮನೆತನ. ಸುಗ್ಗಿ ಮುಗಿದ ಮೇಲೆ ಒಬ್ಬ ಕುರುಬ ಪ್ರತಿವರ್ಷ ತನ್ನ ಹಿಂಡನ್ನು ತಂದು ನಮ್ಮ ಹೊಲದಲ್ಲಿ ತಂಗಿಸುತ್ತಿದ್ದ. ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಅವನ ಮನೆಗೆ ಜೋಳ ಸಿಗುತ್ತಿತ್ತು. ಕುರುಬರಲ್ಲಿ ಒಬ್ಬೊಬ್ಬನಿಗೂ ತನ್ನದೇ ಒಂದು ಕೂಗು ಇರುತ್ತದೆ. ಇನ್ನೊಬ್ಬನ ಕೂಗಿಗೆ ಕುರಿ ಕಿವಿಗೊಡುವುದಿಲ್ಲ. ಇವನದು ಉದ್ದಕ್ಕೆ ಎಳೆದ ‘ಹೋ’, ಆಮೇಲೆ ನಾಲಗೆಯಲ್ಲಿ ಎರಡು ‘ಲೊಚ್’, ಕೊನೆಗೆ ತಾಯಿ ಮಗುವನ್ನು ಕರೆದಂತೆ ‘ಬಾ ಬಾ’. ನಾನು ರಜೆಯಲ್ಲಿ ಬಂದಾಗ ಅದನ್ನು ಅಣಕಿಸಿ ಅಣಕಿಸಿ ಹಾಗೆಯೇ ಕೂಗುವುದನ್ನು ಕಲಿತೆ. ಒಂದು ದಿನ ಅವನು ಬುತ್ತಿ ಉಣ್ಣಲು ಕುಳಿತಾಗ, ತಮಾಷೆಗೆಂದು ಇನ್ನೂ ಕೊಯ್ಯದೆ ಉಳಿದಿದ್ದ ತೊಗರಿ ಹೊಲದಲ್ಲಿ ಅಡಗಿ ನಿಂತು ಕೂಗಿದೆ. ಇಡೀ ಹಿಂಡು ನಿಂತ ಬೆಳೆಯೊಳಗೆ ನುಗ್ಗಿತು.

ಅಪ್ಪ ಜನರೆದುರಿಗೆ ಅವನ ಕೆನ್ನೆಗೆ ಹೊಡೆದ. “ಕುರಿ ಕಾಯ್ತೀಯೋ ನಿದ್ದಿ ಮಾಡ್ತೀಯೋ?” ಎಂದ.

“ನಾ ಕರದಿಲ್ರೀ ಪಾಟೀಲ್ರ,” ಎಂದನವನು. “ಯಾರೋ ನನ್ನ ದನಿ ತಗೊಂಡು ಕರದಾರ.”

ಹಾಗೆ ಹೇಳುವಾಗ ನನ್ನತ್ತ ನೋಡಿದ. ಆದರೆ ನನ್ನ ಹೆಸರು ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅಂದೇ ಅವನು ಹೆಂಡತಿಯ ತಲೆಗೆ ಗಡಿಗೆ ಹೊರಿಸಿ, ಹಿಂಡು ಹೊಡೆದುಕೊಂಡು ಮಾಂಜ್ರಾ ನದಿ ದಾಟಿ ಹೋದ.

ಮರುವರ್ಷ ಅಕ್ಕನನ್ನು ಉದಗೀರಕ್ಕೆ ಕೊಟ್ಟೆವು. ಮದುವೆಯಾಗಿ ಆರು ತಿಂಗಳಿಗೆ ನಾನು ಅವಳನ್ನು ನೋಡಲು ಹೋದಾಗ, ಸೋಮವಾರ ಭಾವ ಕೋಟೆ ತೋರಿಸುತ್ತೇನೆಂದು ಹೊರಟ. ಅಕ್ಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಳು. ಕೋಟೆಯೊಳಗಿನ ಸಾಧುವಿನ ಸಮಾಧಿಗೆ ಕಾಯಿ ಒಡೆದು ಬುತ್ತಿ ಉಂಡೆವು. ಅಕ್ಕ ಅಲ್ಲಿಯ ಹೆಂಗಸರೊಡನೆ ಮಾತಿಗೆ ಕುಳಿತಳು. ಭಾವ ಕಂದೀಲು ಹಚ್ಚಿ ನೆಲಮಾಳಿಗೆಯ ಬಾಗಿಲಲ್ಲಿ ನಿಂತು, “ಯಾಕ್ರೀ ಹೈಸ್ಕೂಲ್ ಸಾಹೇಬ್ರ, ಕಾಲು ನಡಗ್ತಾವೇನು?” ಎಂದ.

“ನೀವು ಮುಂದ ನಡೀರಿ ಮಾಮಾ, ನಿಮ್ಮ ಧೋತರ ಹಿಡಕೊಂಡು ಬರ್ತೀನಿ,” ಎಂದೆ. ನಮ್ಮ ಕಡೆ ಭಾವನನ್ನೂ ಮಾಮಾ ಎಂದೇ ಕರೆಯುವುದು. ನಗುತ್ತಲೇ ಇಳಿದೆವು.

ಕೋಣೆಯಿಂದ ಕೋಣೆಗೆ ದಾಟುತ್ತ ಎಷ್ಟು ದೂರ ಹೋದೆವೋ ತಿಳಿಯಲಿಲ್ಲ. ಒಂದು ಕಡೆ ಮೆಟ್ಟಿಲು ಕುಸಿದು ಭಾವ ಬಿದ್ದ. ಕಾಲು ಮುರಿಯಿತು, ಕಂದೀಲು ಒಡೆಯಿತು. ಆಮೇಲೆ ಬರೀ ಕತ್ತಲೆ. ಇಬ್ಬರೂ ಕೂಗಿದೆವು, ಯಾರೂ ಓಗೊಡಲಿಲ್ಲ. ಭಾವನನ್ನು ಬೆನ್ನಿಗೆ ಹಾಕಿಕೊಂಡು ಗೋಡೆ ಸವರುತ್ತ ನಡೆದೆ. ಒಂದು ಕಡೆಯಿಂದ ತಣ್ಣನೆಯ ಗಾಳಿ ಬಂತು. ಗಾಳಿ ಬಂದಲ್ಲಿ ಬಾಗಿಲಿರಲೇಬೇಕೆಂದು ಅತ್ತ ದಾಪುಗಾಲು ಹಾಕಿದೆ.

ಆಗ ಹಿಂದಿನಿಂದ ಆ ಕೂಗು ಕೇಳಿತು. ಉದ್ದನೆಯ ‘ಹೋ’, ಎರಡು ‘ಲೊಚ್’, ‘ಬಾ ಬಾ’.

ಎತ್ತಿದ ಕಾಲು ಹಾಗೆಯೇ ನಿಂತಿತು. ಕಾಲಿಗೆ ತಾಗಿದ ಒಂದು ಕಲ್ಲನ್ನು ಮುಂದಕ್ಕೆ ಒದ್ದೆ. ಎಷ್ಟೋ ಹೊತ್ತಿನ ಮೇಲೆ ಕೆಳಗೆಲ್ಲೋ ನೀರಿಗೆ ಬಿದ್ದ ಸದ್ದಾಯಿತು. ನನ್ನ ಮುಂದಿದ್ದದ್ದು ಬಾವಿ. ಗಾಳಿ ಬರುತ್ತಿದ್ದದ್ದು ಅದರೊಳಗಿನಿಂದ.

“ಮಾಮಾ, ಕೂಗು ಕೇಳ್ತದೇನ್ರೀ?” ಎಂದೆ.

“ಯಾವ ಕೂಗೋ? ಅಂಜಿಕಿಗೆ ನಿನ್ನ ತಲಿ ಕೆಟ್ಟದ,” ಎಂದು ಭಾವ ನರಳಿದ.

ನನಗೆ ಮಾತ್ರ ಅದು ಮತ್ತೆ ಮತ್ತೆ ಕೇಳುತ್ತಿತ್ತು. ನಾನು ನಿಂತರೆ ಅದೂ ಕಾಯುತ್ತಿತ್ತು, ದಾರಿ ತಪ್ಪಿದರೆ ಮಗ್ಗುಲಿನಿಂದ ಕರೆಯುತ್ತಿತ್ತು. ಕುರಿಯ ಹಾಗೆ ತಲೆ ತಗ್ಗಿಸಿ ಅದರ ಹಿಂದೆ ನಡೆದೆ. ಇಕ್ಕಟ್ಟಾದ ಮೆಟ್ಟಿಲುಗಳು ಸಿಕ್ಕವು. ಹತ್ತಿದೆ, ಹತ್ತಿದೆ, ಕೊನೆಗೆ ತಲೆಯಿಂದ ಮುಳ್ಳುಕಂಟಿ ನೂಕಿ ಹೊರಬಿದ್ದರೆ ಕೋಟೆಯ ಬುರುಜಿನ ಮೇಲಿದ್ದೆ! ಸುತ್ತ ಉರಿಬಿಸಿಲು, ಕೆಳಗೆ ಇಡೀ ಉದಗೀರ. ನನ್ನ ಬೆನ್ನ ಮೇಲೆ ಭಾವ ಜೀವಂತವಾಗಿದ್ದ. ಗಂಟಲು ಹರಿಯುವ ಹಾಗೆ ಕೇಕೆ ಹಾಕಿದೆ. ಕೆಳಗೆ ಅಕ್ಕ ಸೆರಗು ಜಾರಿದ್ದರ ಅರಿವಿಲ್ಲದೆ ಕೈಯೆತ್ತಿಕೊಂಡು ಓಡಿಬರುತ್ತಿದ್ದಳು. ಅಂಥ ಸಂತೋಷವನ್ನು ನಾನು ಮತ್ತೆ ಕಂಡಿಲ್ಲ. ಈಗಲೂ ನೆನೆದರೆ ಎದೆ ಉಬ್ಬುತ್ತದೆ.

ಬುರುಜಿನ ಮೇಲಾಗಲಿ ಆಚೀಚೆಯಾಗಲಿ ಯಾವ ಕುರಿಯೂ ಇರಲಿಲ್ಲ, ಕುರುಬನೂ ಇರಲಿಲ್ಲ. ಕೋಟೆಯ ಕಾವಲುಗಾರನನ್ನೂ ಕೇಳಿದೆ. ಹಿಂಡನ್ನು ಒಳಗೆ ಬಿಡುವುದೇ ಇಲ್ಲ ಎಂದ.

ಜನ ನನ್ನನ್ನು ಹೆಗಲ ಮೇಲೆ ಹೊತ್ತು ಬಾಜಾರದಲ್ಲಿ ಮೆರೆಸಿದರು. ಊರಿಗೆ ಬಂದಾಗ ಅಪ್ಪ ಕೈಯಾರೆ ನನಗೆ ಜರಿಯ ರುಮಾಲು ಸುತ್ತಿದ. ದಾರಿ ಹೇಗೆ ಸಿಕ್ಕಿತೆಂದು ಎಲ್ಲರೂ ಕೇಳಿದರು. ಗಾಳಿಯ ಜಾಡು ಹಿಡಿದು ಬಂದೆ ಎಂದು ಹೇಳಿದೆ. ಅದು ಸುಳ್ಳು. ಗಾಳಿಯ ಜಾಡು ಹಿಡಿದಿದ್ದರೆ ಇಬ್ಬರೂ ಬಾವಿಯಲ್ಲಿರುತ್ತಿದ್ದೆವು.

ತಿಂಗಳೊಪ್ಪತ್ತಿನ ಮೇಲೆ ಔರಾದ ಶಹಾಜನಿಯ ಸಂತೆಗೆ ಅದೇ ರುಮಾಲು ಸುತ್ತಿಕೊಂಡು ಹೋಗಿದ್ದೆ. ಆ ಕುರುಬ ಅಲ್ಲಿ ಕಂಬಳಿ ಮಾರುತ್ತಿದ್ದ. ದಿನ ಎಣಿಸಿ ಹೇಳಿ, ಆ ಸೋಮವಾರ ನೀನು ಎಲ್ಲಿದ್ದೆ ಎಂದು ಕೇಳಿದೆ.

“ಭಾಲ್ಕಿ ಕಡೆ ಇದ್ದೆರೀ,” ಎಂದ. “ಅವತ್ತೊಂದು ಮೋಜು ಆತು ನೋಡ್ರಿ. ಮಧ್ಯಾಹ್ನ ಕುರಿ ಕರಿಲಾಕ ಬಾಯಿ ತೆರದ್ರ ದನೀನ ಇಲ್ಲ. ಹೆಂಡ್ತಿ ನಕ್ಕಿದ್ದೇ ನಕ್ಕಿದ್ದು. ಹೊತ್ತು ಇಳಿಯೂತನಕ ಹಂಗೇ ಮೂಕ ಕುಂತಿದ್ದೆ. ಎಲ್ಲಿ ಹೋಗಿತ್ತೋ ನಮ್ಮ ಬೀರಪ್ಪ ದೇವ್ರಿಗೆ ಗೊತ್ತು.”

ತಪ್ಪಾಯಿತು ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನಮ್ಮೂರಿನವನೊಬ್ಬ ಬಂದು ನನ್ನ ಬೆನ್ನು ಚಪ್ಪರಿಸಿ, “ಇಂವಾ ನೋಡ್ರಪಾ, ಉದಗೀರ ಕ್ವಾಟಿ ಗೆದ್ದಂವಾ!” ಎಂದು ಕೂಗಿದ. ಜನ ನೆರೆದರು. ಕುರುಬನೂ ನನ್ನ ರುಮಾಲು ನೋಡಿ ನಕ್ಕ. ನಾನು ಎದೆ ಸೆಟೆಸಿ ಜನರ ನಡುವೆ ನಿಂತೆ. ಅವರು ಚದುರುವಷ್ಟರಲ್ಲಿ ಅವನು ಕಂಬಳಿ ಹೊತ್ತು ಹೊರಟುಹೋಗಿದ್ದ. ಮತ್ತೆಂದೂ ಅವನ ಹಿಂಡು ನಮ್ಮ ಕಡೆ ಬರಲಿಲ್ಲ.

ಅದು ನನ್ನ ಅಂಜಿಕೆಯೇ ಇರಬೇಕೆಂದು ಎಷ್ಟೋ ಸಲ ವಾದಿಸಿಕೊಂಡಿದ್ದೇನೆ. ಆದರೆ ಕಾಣದ ಬಾವಿ ಅಂಜಿಕೆಗೆ ಹೇಗೆ ಕಂಡಿತು? ಭಾಲ್ಕಿಯ ಕಡೆ ಒಬ್ಬನ ಗಂಟಲು ಅದೇ ಹೊತ್ತಿಗೆ ಏಕೆ ಕಟ್ಟಿತು? ನನಗೆ ತಿಳಿಯದು, ಇನ್ನು ತಿಳಿಯುವ ವಯಸ್ಸೂ ಅಲ್ಲ. ಗೊತ್ತಿರುವುದು ಇಷ್ಟೇ: ಭಾವ ತುಂಬುಬಾಳು ಬಾಳಿದ. ಅಕ್ಕನ ಮನೆ ಮಕ್ಕಳು ಮೊಮ್ಮಕ್ಕಳಿಂದ ಗಿಜಿಗುಡುತ್ತಿದೆ. ಅವರೆಲ್ಲ ನನಗೆ ನಮಸ್ಕಾರ ಮಾಡುತ್ತಾರೆ. ಮಕ್ಕಳೇ, ತೊಗರಿ ಹೊಲದಲ್ಲಿ ಕೂಗಿದವನು ನಾನು. ನಿಮ್ಮ ಅಜ್ಜನನ್ನು ಬದುಕಿಸಿದ ದನಿ ನಾನು ಹೊಡೆಸಿದವನದು. ಅವನ ಹೆಸರು ಮಾಳಪ್ಪ.