ಕುಂಕುಮ ಹಚ್ಚಿ ಕೊಟ್ಟ ಡ್ರಿಲ್ಲು

ಹಿಂದೂಪುರದಲ್ಲಿ ಬಾಗಿಲು, ಕಿಟಕಿ ಕೂರಿಸುವ ಕೆಲಸದಲ್ಲೇ ನಾನು ಮುದುಕನಾದೆ. ಬ್ಯಾಟರಿ ಮಿಷಿನ್‌ಗಳನ್ನು ಕೊಂಡ ಮೇಲೆ ವೈರಿನ ಹಳೆಯ ಮಿಷಿನ್‌ಗಳು ಮೂಲೆ ಸೇರಿದವು. ಪ್ರತಿ ಆಯುಧಪೂಜೆಗೂ ಹೂವಿಟ್ಟು ಕೈಮುಗಿದ ವಸ್ತುಗಳು, ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಕಲ್ಯಾಣದುರ್ಗದಲ್ಲಿರುವ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಅದೇ ಕಸುಬಿನವನು. ಇನ್ನೂ ಕೈಯಲ್ಲೇ ರಂದಾ ಹೊಡೆದು ಮರ ನುಣುಪು ಮಾಡುತ್ತಿದ್ದ. ಅವನನ್ನು ಕರೆಸಿ ರಂದಾ ಮಿಷಿನ್, ಕಟರ್, ಡ್ರಿಲ್ ಮೂರಕ್ಕೂ ಕುಂಕುಮ ಹಚ್ಚಿ, ಎಲೆಅಡಿಕೆ ಇಟ್ಟು ಕೊಟ್ಟೆ. ಅವನು ನನ್ನ ಕಾಲಿಗೆ ನಮಸ್ಕಾರ ಮಾಡಿದ.

ಆ ಡ್ರಿಲ್ ಷಾಕ್ ಹೊಡೆಯುತ್ತದೆಂದು ನನಗೆ ಗೊತ್ತಿತ್ತು.

ಒಳಗೆ ವೈರು ಸವೆದು, ತಿರುಗುವ ಭಾಗದ ಹಿಂದಿನ ಕಬ್ಬಿಣದ ಮೂತಿಗೆ ಕರೆಂಟ್ ಬರುತ್ತಿತ್ತು. ಕೆಲಸಕ್ಕೆ ಹೋದ ಮನೆಗಳ ಸಾಕೆಟ್‌ಗೆ ಹಿಡಿಸುವುದಿಲ್ಲವೆಂದು ಪ್ಲಗ್ಗನ್ನೇ ಕತ್ತರಿಸಿ, ವೈರಿನ ತುದಿಗಳನ್ನು ಬೆಂಕಿಕಡ್ಡಿ ಸಿಕ್ಕಿಸಿ ಕೂರಿಸುತ್ತಿದ್ದವನು ನಾನೇ. ಷಾಕ್ ತಡೆಯುವ ಅರ್ಥ್ ವೈರು ಅಂದೇ ಹೋಗಿತ್ತು. ಆಮೇಲೆ ಮೂತಿಗೆ ಕಪ್ಪು ಟೇಪ್ ಸುತ್ತಿ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಹೇಗೋ ಕಾಲ ತಳ್ಳಿದೆ. ಕೊಡುವ ದಿನ ಕುಂಕುಮವನ್ನು ಆ ಟೇಪಿನ ಮೇಲೆಯೇ ಹಚ್ಚಿದೆ. ಹೇಳಿದರೆ ಕೊಟ್ಟಿದ್ದರ ಗೌರವ ಕಡಿಮೆಯಾಗುತ್ತದೆಂದು ಸುಮ್ಮನಾದೆ.

ಅವನು ಬಸ್ ಹತ್ತಿದ ಮೇಲೆ ಹೆಂಡತಿ ಕೇಳಿದಳು.

"ಆ ಜುಮ್ಮನ್ನೋ ಮಿಷಿನ್ನೂ ಕೊಟ್ಬುಟ್ರಾ?"

"ಅವ್ನೇನು ಮಗೂನಾ? ನೋಡ್ಕೊಂತಾನೆ ಬಿಡು."

"ಏನ್ ನೋಡ್ಕೊಂತಾನೆ? ಆವಪ್ಪ ಅಂಗಡಿ ಒಳಕ್ಕೆ ಚಪ್ಪಲಿ ಮೆಟ್ಕೊಂಡು ಹೋಗಾಕಿಲ್ಲ!"

ಅವಳು ಹೇಳಿದ್ದು ನಿಜ. ಪೂಜೆ ಮಾಡಿದ ಸಾಮಾನು ಇರುವ ಜಾಗವೆಂದು ಅವನು ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲೇ ಕೆಲಸ ಮಾಡುತ್ತಾನೆ. ಅದಕ್ಕಾಗಿ ಎಷ್ಟೋ ಸಲ ನಾನೇ ಅವನನ್ನು ಆಡಿಕೊಂಡಿದ್ದೆ.

ಮತ್ತೆ ಮತ್ತೆ ಫೋನ್ ಮಾಡಿದೆ. ಕೊನೆಗೆ ಸಂಜೆ ಎತ್ತಿದ.

"ಬಲೇ ಮಿಷಿನ್‌ಗಳು ಕಣಣ್ಣ! ನಿನ್ ಹೆಸ್ರು ಹೇಳ್ಕೊಂಡು ಬದುಕ್ತೀನಿ."

ಹೊಗಳಿಕೆ ಕೇಳಿ, ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. "ಜೋಪಾನ ಕಣಪ್ಪ" ಎಂದಷ್ಟೇ ಹೇಳಿದೆ. ಕಣ್ಣು ಮುಚ್ಚಿದರೆ ಅವನ ಬರಿಗಾಲೇ ಕಾಣುತ್ತಿತ್ತು. ಬೆಳಗಿನ ಮೊದಲ ಬಸ್ಸಿಗೆ ಹೊರಟೆ.

ಅವನ ಅಂಗಡಿಯಲ್ಲಿ ರಂದಾ ಮಿಷಿನ್ ಓಡುತ್ತಿತ್ತು. ಡ್ರಿಲ್ ಮಾತ್ರ ದೇವರ ಪಟಗಳ ಪಕ್ಕ ಹೂವು ಮುಡಿದು ಕೂತಿತ್ತು.

"ಇದ್ಯಾಕಪ್ಪ ಇಲ್ಲಿ?"

"ದೊಡ್ಡೋರು ಕೊಟ್ಟಿದ್ದಲ್ವಾ ಅಣ್ಣ, ಕಣ್ಮುಂದೆ ಇರ್ಲಿ ಅಂತ."

ಟೀ ತಂದ ನಾದಿನಿ ಬಿಡಲಿಲ್ಲ. "ಸುಳ್ಳು ಬಾವ. ನಿನ್ನೆ ಬಂದೋರೇ ಅದನ್ನ ಹಿಡ್ಕೊಂಡ್ರು, ಷಾಕ್ ಹೊಡ್ದು ಗೋಡೆ ತಾವ ಹೋಗಿ ಬಿದ್ರು. ಬಲಗೈ ಇನ್ನೂ ಜೋಮು. ನಿಮಗೆ ಹೇಳ್ಬ್ಯಾಡ ಅಂದ್ರು, ಮನ್ಸಿಗೆ ನೋವಾಯ್ತದೆ ಅಂತ."

"ಏಮಿಲೇದಣ್ಣ, ಏನೂ ಇಲ್ಲ," ಅವನು ಬಲಗೈಯನ್ನು ಹಿಂದಕ್ಕೆ ಸರಿಸಿಕೊಂಡ. "ಹಳೇ ಮಿಷಿನ್ನು. ಪಾಪ, ನಿಂಗೇನ್ ಗೊತ್ತು."

"ಗೊತ್ತಿತ್ತು," ಎಂದೆ.

ಟೇಪು, ಕತ್ತರಿಸಿದ ಪ್ಲಗ್ಗು, ಕುಂಕುಮ, ಎಲ್ಲವನ್ನೂ ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ. ಪೂಜೆಯಾದದ್ದೆಂದು ಆ ಟೇಪನ್ನು ಬಿಚ್ಚಿ ಕೂಡ ನೋಡಿರಲಿಲ್ಲ ಅವನು.

"ನಮ್ಮಕ್ಕನ ಕೈಗೆ ಕೊಡ್ತಿದ್ರಾ ಬಾವ ಇದನ್ನ?" ಎಂದಳು ನಾದಿನಿ.

ಬಸ್‌ಸ್ಟ್ಯಾಂಡ್ ಹತ್ತಿರ ಹೋಗಿ ಹೊಸ ವೈರು, ಮೂರು ಪಿನ್ನಿನ ಪ್ಲಗ್ಗು ತಂದೆ. ಚಪ್ಪಲಿ ಹೊರಗೆ ಬಿಟ್ಟು, ನೆಲದ ಮೇಲೆ ಕೂತು ಟೇಪ್ ಕಿತ್ತೆ. ಕುಂಕುಮ ಅದಕ್ಕೆ ಅಂಟಿಕೊಂಡೇ ಬಂತು. ಸವೆದ ವೈರು ತೆಗೆದು ಹೊಸದು ಹಾಕಿ, ಅರ್ಥ್ ಬಿಗಿದು, ಕರೆಂಟ್ ಕೊಟ್ಟು ಮೂತಿಗೆ ಟೆಸ್ಟರ್ ಇಟ್ಟೆ. ಅದರ ದೀಪ ಹತ್ತಲಿಲ್ಲ; ಮೂತಿಗೆ ಕರೆಂಟ್ ಬರುವುದು ನಿಂತಿತ್ತು.

ನಾನು ಬರಿಗಾಲಲ್ಲಿ ನಿಂತು ಡ್ರಿಲ್ ಎತ್ತಿಕೊಂಡಾಗ ಅವನು ಎದ್ದು ಬಂದ.

"ಚಪ್ಪಲಿ ಮೆಟ್ಕೋ ಅಣ್ಣ."

"ಬ್ಯಾಡ. ಮೊದ್ಲು ನಾನು ಹಿಡ್ಕೊಂತೀನಿ."

"ಮೊಂಡ ಮನ್ಸ," ಎಂದು ಗೊಣಗುತ್ತಾ ಸ್ವಿಚ್ಚಿನ ಹತ್ತಿರ ಹೋಗಿ ನಿಂತ. "ಜುಮ್ ಅಂದ್ರೆ ಕೂಗಣ್ಣ. ಆರಿಸ್ಬುಡ್ತೀನಿ."

ಮೂತಿಯನ್ನು ಗಟ್ಟಿಯಾಗಿ ಹಿಡಿದು ಗುಂಡಿ ಒತ್ತಿದೆ. ಡ್ರಿಲ್ ಸದ್ದು ಮಾಡುತ್ತಾ ತಿರುಗಿತು. ನಾನು ಒತ್ತಿದ ಗುಂಡಿ ಬಿಡುವವರೆಗೂ ಅವನು ಸ್ವಿಚ್ಚಿನ ಮೇಲಿಂದ ಆ ಜೋಮು ಹಿಡಿದ ಕೈ ತೆಗೆಯಲಿಲ್ಲ.