ಫ್ರೊಯ್ಲಾನನ ಮಾತು ಉಳಿಸಿದ ಎಡೆಲ್ಮೀರಾ

ಎಡೆಲ್ಮೀರಾ ನಮ್ಮ ಗುಡ್ಡದ ಸಾಮೂಹಿಕ ಅಡುಗೆಮನೆಯ ಅಡುಗೆಯವಳು. ಬಡಾವಣೆ ರೇಡಿಯೋದ ಹಳೇ ಕಂಪ್ಯೂಟರ್ ನೋಡಿಕೊಳ್ಳುವವಳೂ ಅವಳೇ. ಲಿಮಾದ ಅಂಚಿನ ಈ ಮರಳುಗುಡ್ಡವನ್ನು ಚಾಪೆ ಗುಡಿಸಲು ಹಾಕಿ, ಲಾಠಿ ತಿಂದು ಹಿಡಿದುಕೊಂಡವರು ನಾವು. ಈಗ ಒಬ್ಬ ಕಂಟ್ರಾಕ್ಟರು ಜಾಗ ತನ್ನದೆಂದು ತಕರಾರು ತೆಗೆದಿದ್ದ. ಮೊದಲ ಗುಡಿಸಲು ಹಾಕಿದವರಲ್ಲಿ ಉಳಿದಿದ್ದವನು ಮುದುಕ ಫ್ರೊಯ್ಲಾನ್ ಒಬ್ಬನೇ. ಎದೆ ಕೆಟ್ಟು, ಭಾನುವಾರ ಆ ತಕರಾರು ವಿಚಾರಿಸುವ ಸಭೆಗೆ ಬರಲಾರ. ಅವನ ಮಾತನ್ನು ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿ ಅಲ್ಲಿ ಕೇಳಿಸಬೇಕಿತ್ತು.

ಮೊದಲ ಸಲ ಮುದ್ರಿಸುವಾಗ ಕರೆಂಟು ಹೋಯಿತು. ಬ್ಯಾಟರಿ ಸ್ವಲ್ಪ ಹೊತ್ತು ತಡೆದು ಕಂಪ್ಯೂಟರನ್ನು ತಾನಾಗಿ ಆರಿಸಿತು. ಆರುವಾಗ, ಒಳಗೊಳಗೇ ನಡೆಯುವ ಕೆಲಸಗಳಲ್ಲಿ ಮಾತು ಕೂಡಿಡುವ ಉಗ್ರಾಣ ಮೊದಲು ಬಾಗಿಲು ಹಾಕಿತು. ಮುದ್ರಿಸುವ ಕೆಲಸ ಕೈತುಂಬ ಮಾತು ಹಿಡಿದು ಹೊರಗೇ ಸತ್ತಿತು. ಉಗ್ರಾಣ ಕೊನೆಗೆ ಮುಚ್ಚಲೆಂದು ಎಡೆಲ್ಮೀರಾ ಅದನ್ನು ಕಂಪ್ಯೂಟರ್ ಕೆಲಸಗಳನ್ನು ಎಬ್ಬಿಸುವ ಸಾಲಿನ ಕೊನೆಗೆ ಹಾಕಿದಳು. ಎರಡನೇ ಸಲವೂ ಅದೇ ಗೋಳು.

"ಮತ್ತೆ ಹೇಳೋಕೆ ನಾನೇನು ಗಿಣಿನಾ?" ಫ್ರೊಯ್ಲಾನ್ ರೇಗಿದ. "ನಿನ್ನ ಪೆಟ್ಟಿಗೆಗೆ ಕಿವಿ ಇದೆ, ಹೊಟ್ಟೆ ಇಲ್ಲ ಕಣಮ್ಮಾ."

"ಇನ್ನೊಂದೇ ಸಲ, ದೋನ್ ಫ್ರೊಯ್ಲಾನ್. ಕೋಳಿ ಸಾರು ಕೊಡ್ತೀನಿ."

"ಕಾಲು ನಂಗೆ. ಕುತ್ತಿಗೆ ಹಾಕಿ ಮೋಸ ಮಾಡ್ಬೇಡ."

ನಮ್ಮ ಅಡುಗೆಮನೆಯಲ್ಲೊಂದು ಕಟ್ಟಳೆ: ಬೆಂಕಿ ಹಚ್ಚಿದವಳೇ ಎಲ್ಲರೂ ಹೋದಮೇಲೆ ಆರಿಸಿ ಹೊರಡಬೇಕು. ಅಂದು ಬೆಂಕಿ ಹಚ್ಚಿದವಳು ಎಡೆಲ್ಮೀರಾ. ತಡವಾಗಿ ಬಂದ ಜೊತೆಯ ಅಡುಗೆಯವಳು ಹೊನೊರಾಟಾ ಬೇಗ ಏಪ್ರನ್ನು ಬಿಚ್ಚಿ ಕೊಡವಿದಳು.

"ಕೊನೆಗೆ ಬಂದೋಳು ಮೊದಲು ಹೊರಟ್ಯಾ?"

"ಹೂಂ ಕಣೇ. ಮೊದಲು ಬಂದೋಳು ನೀನು, ಕಾಯ್ತಾ ಇರು!"

ಎಡೆಲ್ಮೀರಾ ಸೌಟು ಕೆಳಗಿಟ್ಟಳು. "ಅಯ್ಯೋ, ಎಂಥ ಕತ್ತೆ ನಾನು! ಪೆಟ್ಟಿಗೇನೂ ಹೀಗೇ!"

ಕಂಪ್ಯೂಟರು ಏಳುವ ಸಾಲನ್ನೇ ತಿರುಗಿಸಿ ಮಲಗುತ್ತದೆ. ಕೊನೆಗೆ ಎದ್ದದ್ದು ಮೊದಲು ಹೋಗುತ್ತದೆ. ಅವಳು ಉಗ್ರಾಣವನ್ನು ಮೊದಲು ಎಬ್ಬಿಸಿ, ಮುದ್ರಿಸುವ ಕೆಲಸವನ್ನು ಅದರ ಹಿಂದೆ ನಿಲ್ಲಿಸಿದಳು. ಕೈಯಲ್ಲಿದ್ದದ್ದನ್ನೆಲ್ಲ ಅದು ಒಪ್ಪಿಸಿ ಹೋಗುವವರೆಗೆ ಉಗ್ರಾಣ ಕಾಯಬೇಕು.

ಮಾರನೇ ಮಧ್ಯಾಹ್ನ ಮುದುಕ ಮತ್ತೆ ಹೇಳಿದ. ಚಾಪೆ, ಕುದುರೆ ಪೊಲೀಸರು, ಸತ್ತ ಮಗು. ಮುಗಿಯುತ್ತ ಬಂದಾಗ ಕರೆಂಟು ಹೋಯಿತು, ಬ್ಯಾಟರಿ ಕಿರುಚಿತು.

"ನಿಲ್ಲಿಸ್ಲಾ?"

"ಮಾತಾಡಿ, ಮಾತಾಡಿ!"

ಪರದೆ ಕಪ್ಪಾಯಿತು. ಕರೆಂಟು ಬಂದಮೇಲೆ ಎಡೆಲ್ಮೀರಾ ತೆರೆದು ನೋಡಿದಳು. ಮಾತೆಲ್ಲ ಇತ್ತು, ಅವರಿಬ್ಬರ ಕೊನೇ ಕೂಗಾಟದ ತನಕ. ಅವಳು ನೆಲದ ಮೇಲೆ ಕಾಲು ಚಾಚಿ ಕೂತು ನಕ್ಕಳು.

"ನನ್ನ ಕೆಮ್ಮನ್ನೂ ಬಿಟ್ಟಿಲ್ಲ ಹಾಳಾದ್ದು," ಎಂದ ಫ್ರೊಯ್ಲಾನ್. "ಅದನ್ನ ಕತ್ತರಿಸಿಬಿಡು."

"ಇಲ್ಲ. ಅವರು ಅದನ್ನೂ ಕೇಳಲಿ."

ಭಾನುವಾರ ಸಭೆಯಲ್ಲಿ ಕಂಟ್ರಾಕ್ಟರನ ವಕೀಲ ಅದನ್ನೂ ಕೇಳಿಸಿಕೊಂಡ.