ಷಟರಣ್ಣ ಎರಡೂ ಕೈ ಎತ್ತಿದ್ದು

ಅಂಗಡಿಗಳ ಷಟರ್ ರಿಪೇರಿ ಮಾಡುವ ಅವನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಷಟರಣ್ಣ. ಹೆತ್ತವರು ಇಟ್ಟಿದ್ದು ಕಾಗದಪತ್ರದಲ್ಲಿ ಮಾತ್ರ ಉಳಿದಿತ್ತು. ಇಪ್ಪತ್ತಾರು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಬೆಳಿಗ್ಗೆ ಷಟರ್ ಅರ್ಧಕ್ಕೆ ಸಿಕ್ಕಿಕೊಂಡು, ಅಂಗಡಿಯವನು ಬೀದಿಯಲ್ಲಿ ನಿಂತು ಬಾಯಿ ಬಾಯಿ ಬಿಡುವಾಗ, ಓಡಿಹೋಗಿ ಅದನ್ನು ಮೇಲಕ್ಕೆ ಕಳಿಸುವುದು. “ಆಗುತ್ತಾ ಅಣ್ಣಾ?” ಅಂದರೆ “ಆಗದೆ ಏನು?” ಅನ್ನುವುದು ಅವನಿಗೆ ಬಾಯಿಪಾಠ. ಆಗಲ್ಲ ಎಂದವನನ್ನು ಆ ಕಸುಬಿನಲ್ಲಿ ಎರಡನೇ ಸಲ ಯಾರೂ ಕರೆಯುವುದಿಲ್ಲ.

ಷಟರಿನ ನೆತ್ತಿಯ ಮೇಲೆ, ತಗಡಿನ ಡಬ್ಬದೊಳಗೆ, ಒಂದು ಉರುಳೆ ಇರುತ್ತದೆ. ಉರುಳೆಯ ಹೊಟ್ಟೆಯಲ್ಲಿ ಬಿಗಿದು ಸುತ್ತಿದ ಸ್ಪ್ರಿಂಗು. ಕೊಕ್ಕೆಯಲ್ಲಿರುವಷ್ಟು ಹೊತ್ತು ಅದು ಹಸು, ಕೊಕ್ಕೆ ತಪ್ಪಿತೋ ಹುಲಿ. ಔಷಧಿ ಅಂಗಡಿಯೊಂದರಲ್ಲಿ ಒಂದು ದಿನ ಕೊಕ್ಕೆ ತಪ್ಪಿತು. ಷಟರಣ್ಣನ ಬಲ ಹೆಗಲು ಮುರಿಯಿತು, ಕುತ್ತಿಗೆಯಿಂದ ಕೈಗೆ ಇಳಿಯುವ ನರ ಜಜ್ಜಿಹೋಯಿತು. ಔಷಧಿ ಅಂಗಡಿ ಅದೇ ಮಧ್ಯಾಹ್ನ ಬಾಗಿಲು ತೆರೆಯಿತು. ಇವನ ಕೈ ಮಾತ್ರ ಒಂದೂವರೆ ವರ್ಷವಾದರೂ ಎದೆಯ ಮಟ್ಟದಿಂದ ಮೇಲೆ ಹೋಗಲಿಲ್ಲ, ಬೆರಳಿಗೆ ಹಿಡಿತ ಬರಲಿಲ್ಲ. ಹಲ್ಲುಕಚ್ಚಿ ಎತ್ತಿದರೆ ಒಂದು ಗಳಿಗೆ ಎದ್ದೀತು. ಆಮೇಲೆ ನಾಲ್ಕು ದಿನ ಹಾಸಿಗೆಯೇ ಗತಿ.

ಅಂಗವಿಕಲ ವೇತನಕ್ಕೆ ಅರ್ಜಿ ಹಾಕು ಎಂದು ಹೆಂಡತಿ ಆರು ತಿಂಗಳು ಬಡಕೊಂಡ ಮೇಲೆ, ಹಾಕಿದ. ಫಾರಂ ತಾನೇ ತುಂಬಿದ, ಎಡಗೈಯಲ್ಲಿ. ಬಟ್ಟೆ ಹಾಕಿಕೊಳ್ಳಬಲ್ಲಿರಾ ಎಂದು ಕೇಳಿದ್ದರು. ಹೌದು ಎಂದು ಬರೆದ. ಸ್ನಾನ? ಹೌದು. ಭಾರ ಎತ್ತಬಲ್ಲಿರಾ? ಹೌದು, ನಿಧಾನವಾಗಿ. ತಿಂಗಳಿಗೆ ಸರಿಯಾಗಿ ಅರ್ಜಿ ವಜಾ ಆದ ಕಾಗದ ಬಂತು. ಬರದೆ ಇನ್ನೇನು?

ಆಗ ಬಾಮೈದ ಅವನನ್ನೂ ಅಕ್ಕನನ್ನೂ ಒಬ್ಬರು ವಕೀಲರ ಹತ್ತಿರ ಕರೆದುಕೊಂಡು ಹೋದ. ಇಂಥ ಅರ್ಜಿಗಳನ್ನೇ ನೋಡುತ್ತಿದ್ದ ಹೆಂಗಸು. ಪ್ರಿಂಟಿಂಗ್ ಅಂಗಡಿಯ ಮೇಲೆ ಒಂದೇ ಕೋಣೆ, ಕುರ್ಚಿಗಿಂತ ಫೈಲೇ ಹೆಚ್ಚು. ಆಕೆ ಕನ್ನಡಕ ಏರಿಸಿಕೊಂಡು ಹಳೆಯ ಫಾರಂ ಓದಿದರು.

“ಯಜಮಾನ್ರೇ, ನೀವು ಅರ್ಜಿ ಹಾಕಿದ್ದು ವೇತನಕ್ಕೋ, ಪೈಲ್ವಾನ್ ಕೆಲಸಕ್ಕೋ?”

“ಇರೋದು ಬರ್ದಿದೀನಿ ಮೇಡಂ.”

“ಹೌದಾ? ಶರ್ಟು ಯಾರು ಹಾಕೋದು?”

“ನಾನೇ.”

“ಯಾವಾಗ, ಕನಸಲ್ಲಾ?” ಎಂದಳು ಹೆಂಡತಿ. ಬಾಮೈದ ಕಿಸಕ್ಕೆಂದ.

“ನೀನು ಸುಮ್ನಿರೇ!”

“ಅವರಲ್ಲ, ನೀವು ಸುಮ್ನಿರಿ,” ಎಂದರು ವಕೀಲರು. “ಅಕ್ಕಾ, ನೀವು ಹೇಳಿ, ನಾನು ಬರ್ಕೋತೀನಿ.”

ಹೊಸ ಅರ್ಜಿ ಸಿದ್ಧವಾಯಿತು. ವೈದ್ಯಕೀಯ ತಪಾಸಣೆಗೆ ದಿನವೂ ಗೊತ್ತಾಯಿತು. ಹಿಂದಿನ ದಿನ ವಕೀಲರು ಅವನನ್ನು ಕೂರಿಸಿಕೊಂಡು ಹೇಳಿದರು: “ಸುಳ್ಳು ಹೇಳಿ ಅಂತಿಲ್ಲ ನಾನು. ಡಾಕ್ಟ್ರ ಮುಂದೆ ಶೌರ್ಯ ತೋರಿಸ್ಬೇಡಿ. ಆಗದ್ದನ್ನ ಆಗಲ್ಲ ಅನ್ನಿ. ಅಷ್ಟೇ ಕೆಲಸ.”

“ಅಷ್ಟು ಗೊತ್ತಾಗಲ್ವಾ ಮೇಡಂ,” ಎಂದ ಷಟರಣ್ಣ.

ಅವನು ಹೆಂಡತಿಯ ಜೊತೆ ಹೋದ ತಪಾಸಣೆ ಕಚೇರಿಯಲ್ಲಿ ಚೀಟಿ ಕೊಡುವ ಕೌಂಟರಿಗೂ ಒಂದು ಷಟರ್ ಇತ್ತು, ಗೋಡೆಯಗಲದ್ದು, ನೆಲದವರೆಗೆ ಇಳಿಯುವಂಥದ್ದು. ಬಾಗಿಲು ತೆರೆಯುವ ಹೊತ್ತಿಗೆ ಅದು ಸೊಂಟದ ಮಟ್ಟಕ್ಕೆ ಬಂದು ನಿಂತಿತು. ಊರುಗೋಲಿನವರು, ಗಾಲಿಕುರ್ಚಿಯವರು, ಅವರನ್ನು ಕರೆತಂದವರು, ನಲವತ್ತು ಜನ ಕಾಯುತ್ತಿದ್ದರು. ಜವಾನ ಎರಡು ಸಲ ಎಳೆದ, ಮೂರನೆಯ ಸಲ ಒದ್ದ. ಆಮೇಲೆ ಸ್ಟೂಲು ಹಾಕಿಕೊಂಡು ಹತ್ತಿ, ಡಬ್ಬದ ಮುಚ್ಚಳ ಬಿಚ್ಚಿ, ಕಬ್ಬಿಣದ ಸರಳೊಂದನ್ನು ಉರುಳೆಯ ಸಂದಿಗೆ ತೂರಿಸಿ ಮೀಟತೊಡಗಿದ.

ನಲವತ್ತು ಜನರಿಗೆ ಕೇಳಿಸಿದ್ದು ಕಬ್ಬಿಣದ ಗಲಾಟೆ. ಷಟರಣ್ಣನಿಗೆ ಅದರೊಳಗೆ ಇನ್ನೊಂದು ಸದ್ದು ಕೇಳಿಸಿತು. ಟಿಕ್. ಸ್ವಲ್ಪ ಬಿಟ್ಟು ಮತ್ತೆ, ಟಿಕ್. ಕೊಕ್ಕೆ ಜಾರುವ ಸದ್ದು. ಜವಾನನ ತಲೆ ಉರುಳೆಯಿಂದ ಒಂದು ಗೇಣು ದೂರದಲ್ಲಿತ್ತು.

“ಏಯ್, ಇಳಿಯೋ! ಕೈ ತೆಗಿಯೋ!” ಎಂದು ಷಟರಣ್ಣ ಅರಚಿದ.

“ನೀನ್ಯಾರಯ್ಯಾ ಹೇಳೋಕೆ? ಲೈನಲ್ಲಿ ನಿಂತ್ಕೋ.”

ಆ ಗಳಿಗೆಯಲ್ಲಿ ವಕೀಲರ ಮಾತು ಎಲ್ಲಿತ್ತೋ. ಷಟರಣ್ಣ ಮುಂದೆ ನುಗ್ಗಿದ, ಷಟರಿನ ತಳಕ್ಕೆ ಎರಡೂ ಕೈ ಕೊಟ್ಟ, ಮೇಲಕ್ಕೆ ತಳ್ಳಿದ. ಸೊಂಟದಿಂದ ಎದೆಗೆ, ಎದೆಯಿಂದ ತಲೆಯ ಮೇಲಕ್ಕೆ. ಷಟರಿನ ಭಾರ ಕೈಗೆ ಬಂದರೆ ಸ್ಪ್ರಿಂಗಿನ ಬಿಗಿ ಸಡಿಲುತ್ತದೆ; ಆ ಕಸುಬಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹೆಗಲೊಳಗೆ ಏನೋ ಹರಿದಂತಾಯಿತು. ಬಿಡಲಿಲ್ಲ. “ಇಳಿ! ಇಳಿಯೋ ದರಿದ್ರದವನೇ!” ಎಂದು ಕೂಗುತ್ತಲೇ ಹಿಡಿದುಕೊಂಡು ನಿಂತ. ಅವನ ಮುಖ ನೋಡಿ ಹೆದರಿ ಜವಾನ ಧುಮುಕಿದ. ಹಿಂದೆಯೇ ಕೊಕ್ಕೆ ಕಳಚಿತು, ಸರಳು ಹಾರಿಹೋಗಿ ಎದುರು ಗೋಡೆಯ ಗಾರೆ ಕಿತ್ತು ಬಿತ್ತು.

ಜನ ಉಸಿರು ಬಿಟ್ಟರು. ಆ ಹೊತ್ತಿಗೆ ಸರಿಯಾಗಿ, ಬ್ಯಾಗು ಹಿಡಿದು ಪಕ್ಕದ ಬಾಗಿಲಿನಿಂದ ಒಳಗೆ ಬಂದ ಡಾಕ್ಟರು ನೋಡಿದ್ದು ಏನನ್ನು? ಒಬ್ಬ ಗಂಡಸು ತಲೆಯ ಮೇಲೆ ಎರಡೂ ಕೈ ಎತ್ತಿ ಇಡೀ ಷಟರ್ ಹೊತ್ತು ನಿಂತಿರುವುದನ್ನು.

ಷಟರಣ್ಣನ ಸರದಿ ಬಂದಾಗ ಅವನ ಕೈ ಆಗಲೇ ಬಾತಿತ್ತು. ಡಾಕ್ಟರು ಮುಟ್ಟಿಯೂ ನೋಡಲಿಲ್ಲ. “ಏನಪ್ಪಾ, ಆಚೆ ಭೀಮ, ಈಚೆ ಬಂದರೆ ರೋಗೀನಾ?” ಎಂದು ನಕ್ಕು ಬರೆದರು: “ಅರ್ಜಿದಾರನು ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿ ಭಾರ ಹೊತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ದುಡಿಯಲು ಶಕ್ತ.”

ಕಣ್ಣಾರೆ ಕಂಡರಂತೆ. ಕಣ್ಣಿರುವುದು ಅರ್ಧ ನೋಡುವುದಕ್ಕಾ?

“ಬುದ್ಧಿ ಇದೆಯೇನ್ರೀ ನಿಮಗೆ?” ಎಂದು ವಕೀಲರು ಮೇಜು ಗುದ್ದಿದರು. ಹೆಂಡತಿ ನಡೆದದ್ದೆಲ್ಲ ಹೇಳಿದ್ದನ್ನು ಕೇಳಿ, ಮೇಲ್ಮನವಿಯ ಕಾಗದ ಎಳೆದುಕೊಂಡರು. “ಆ ಜವಾನ ಬಂದು ಇದ್ದದ್ದು ಇದ್ದ ಹಾಗೆ ಹೇಳ್ಲಿ ಸಾಕು. ನಿಮ್ಮ ಕೈ ಏಳುತ್ತೋ ಇಲ್ವೋ ಅನ್ನೋದಲ್ಲ, ಯಾಕೆ ಎದ್ದಿತು ಅನ್ನೋದು ದಾಖಲಾಗ್ಬೇಕು.”

ಆಕೆಯೇ ಹೋಗಿ ಜವಾನನನ್ನು ಕೇಳಿದರು. ಆಯ್ತಮ್ಮಾ ಎಂದ. ವಿಚಾರಣೆಯ ದಿನ ಅಧಿಕಾರಿಯ ಎದುರು ನಿಲ್ಲಿಸಿ ಕೇಳಿದಾಗ ನೆಲ ನೋಡುತ್ತ ಹೇಳಿದ, “ನಾನು ಟೀ ತರೋಕೆ ಹೋಗಿದ್ದೆ ಸ್ವಾಮಿ. ಷಟರ್ ನಾನು ಮುಟ್ಟಿಲ್ಲ.” ಷಟರ್ ಕೆಟ್ಟರೆ ಮುಟ್ಟಬಾರದು, ಮೆಕ್ಯಾನಿಕ್ಕನ್ನೇ ಕರೆಸಬೇಕು ಎಂದು ಗೋಡೆಯ ಮೇಲೆ ಆದೇಶವಿತ್ತು. ಅವನದು ಕಾಯಂ ಕೆಲಸವಲ್ಲ.

ಷಟರಣ್ಣ ಕುರ್ಚಿಯಿಂದ ಅರ್ಧ ಎದ್ದ. ವಕೀಲರು ಅವನ ಎಡ ತೋಳು ಹಿಡಿದು ಕೂರಿಸಿದರು. “ಜಗಳ ಆಮೇಲೆ,” ಎಂದು ಪಿಸುಗುಟ್ಟಿ, ಆಸ್ಪತ್ರೆಯ ನರಪರೀಕ್ಷೆಯ ವರದಿ ಮುಂದಿಟ್ಟರು. ಕೊನೆಗೆ ಹೆಂಡತಿಯನ್ನು ಕರೆದರು.

ಅವಳು ಸೆರಗು ಬಿಗಿಹಿಡಿದು ನಿಂತು, ಮೊದಲು ಮೆಲ್ಲಗೆ, ಆಮೇಲೆ ತಡೆಯಿಲ್ಲದೆ ಹೇಳಿದಳು. ತಾನು ಶರ್ಟು ಹಾಕುವುದನ್ನು, ತಲೆ ತೊಳೆಯುವುದನ್ನು, ತುತ್ತು ಬಟ್ಟೆಯ ಮೇಲೆ ಬಿದ್ದರೆ ಅವನು ತಟ್ಟೆ ತಳ್ಳಿ ಎದ್ದುಹೋಗುವುದನ್ನು. ಕಕ್ಕಸಿಗೆ ಹೋದಾಗ ಲಾಡಿ ಬಿಚ್ಚಿ ಕಟ್ಟುವವಳೂ ತಾನೇ ಎಂದಳು. ಕೋಣೆಯಲ್ಲಿ ಬಾಮೈದ ಇದ್ದ. ಬರೆದುಕೊಳ್ಳುವ ಹುಡುಗಿಯೊಬ್ಬಳಿದ್ದಳು, ಇವನ ಮಗಳ ವಯಸ್ಸಿನವಳು. ಬಾಗಿಲಲ್ಲಿ ಆ ಜವಾನನೂ ಇದ್ದ.

“ನಿಮ್ಮ ಮನೆಯವರು ಹೇಳಿದ್ದು ನಿಜವೇನ್ರೀ?” ಎಂದು ಅಧಿಕಾರಿ ಕೇಳಿದರು.

ಷಟರಣ್ಣನ ಕುತ್ತಿಗೆ ಕೆಂಪಾಯಿತು. ಸುಳ್ಳು ಎಂದು ಕೂಗಿ ಎದ್ದು ಹೋಗಬಹುದಿತ್ತು. ಹೋದರೆ ಮನೆಯ ಒಲೆ ಆರುತ್ತಿತ್ತು. ವಕೀಲರು ಅವನ ಕಡೆ ನೋಡಲೂ ಇಲ್ಲ, ಪೆನ್ನಿನ ಮುಚ್ಚಳ ತಿರುಗಿಸುತ್ತ ಕುಳಿತಿದ್ದರು.

“ನಿಜ ಸ್ವಾಮಿ.”

“ಜೋರಾಗಿ ಹೇಳಿ, ಬರ್ಕೋಬೇಕು.”

“ನಿಜ. ನನ್ನ ಕೈಲಿ ಆಗಲ್ಲ.”

ಹೊರಗೆ ಬಂದಾಗ ಜವಾನ ಹಿಂದೆಯೇ ಬಂದ. “ಅಣ್ಣಾ, ಮಕ್ಳು ಸಣ್ಣವು. ಕೆಲಸ ಹೋಗಿಬಿಡೋದು. ತಪ್ಪು ತಿಳ್ಕೋಬೇಡಿ.”

“ತಲೆ ಉಳೀತಲ್ಲ ನಿಂದು,” ಎಂದ ಷಟರಣ್ಣ. “ಇಟ್ಕೋ. ಆದ್ರೆ ನನ್ನ ಮುಂದೆ ತರ್ಬೇಡ ಅದನ್ನ.”

ಮೂರು ವಾರಕ್ಕೆ ಆದೇಶ ಬಂತು. ವೇತನ ಮಂಜೂರು, ಸದ್ಯಕ್ಕೆ ಎರಡು ವರ್ಷಕ್ಕೆ; ಆಮೇಲೆ ಮತ್ತೆ ತಪಾಸಣೆ. ಬಾಮೈದ ಬಾಗಿಲಿನಿಂದಲೇ ಕೂಗಿಕೊಂಡು ಬಂದ, “ಭಾವಾ, ಗೆದ್ವಿ!” ವಕೀಲರೂ ಫೋನು ಮಾಡಿ ಹೆಂಡತಿಯ ಹತ್ತಿರ ಖುಷಿಯಿಂದ ಮಾತಾಡಿದರು. ಫೋನಿಗೆ ಅವನು ಬರಲಿಲ್ಲ. ವಕೀಲರು ಮಾಡಿದ್ದರಲ್ಲಿ ಒಂದು ತಪ್ಪು ಹುಡುಕಲೂ ಅವನಿಂದ ಆಗಿರಲಿಲ್ಲ. ಅದೇ ಅವನ ಸಿಟ್ಟು.

“ಏನು ಬರ್ದಿದಾರೆ, ಓದು,” ಎಂದ ಬಾಮೈದನಿಗೆ.

ಬಾಮೈದ ಉತ್ಸಾಹದಿಂದ ಶುರು ಮಾಡಿದ. “ಅರ್ಜಿದಾರರು ಪರರ ನೆರವಿಲ್ಲದೆ ಬಟ್ಟೆ ಧರಿಸಲಾರರು. ಸ್ನಾನ ಮಾಡಲಾರರು. ಶೌಚಕ್ಕೆ...” ಅಲ್ಲಿಗೆ ಅವನ ದನಿ ಇಳಿಯಿತು. ಅಕ್ಕನ ಮುಖ ನೋಡಿದ.

“ಸಾಕು ಬಿಡೋ, ಮಡಚಿಡು,” ಎಂದಳು ಅವಳು.

“ಯಾಕೆ ಮಡಚೋದು?” ಷಟರಣ್ಣ ಗೋಡೆ ಕಡೆ ಮುಖ ಮಾಡಿ ಕುಳಿತಿದ್ದ. “ಗೆದ್ದಿದೀವಲ್ಲ. ಓದು. ಪೂರ್ತಿ ಓದು.”

ಬಾಮೈದ ಓದಿದ.